ಅಚ್ಚಿನಲ್ಲಿ ಕಿರಿಯವನ ಮುಖ

"ಆ ಅಚ್ಚಿಗೆ ಉಳಿ ತಾಗಿಸಬೇಡ ಮರಿ," ಎಂದ ಮುದುಕ ಪುದೆನ್ಸ್. "ಅಡಿಗಲ್ಲಿನ ಕೆಳಗೆ ಸೀಸ ಮಲಗಿದೆ."

ರೋಮಿನ ಟಂಕಸಾಲೆಯಲ್ಲಿ ನಲವತ್ತು ವರ್ಷ ಸುತ್ತಿಗೆ ಬೀಸಿದವನು ಅವನು. ನಾಣ್ಯದ ಅಚ್ಚು ಕೊರೆಯುವ ಹರ್ಮಿಯಾಸ ಸ್ಮಿರ್ನಾದಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಿಂದೊಮ್ಮೆ, ಅಚ್ಚಿನ ಮುಖವೊಂದನ್ನು ಅಳಿಸಲು ಒಪ್ಪದೆ ತಲೆ ಕಳೆದುಕೊಂಡ ಕೆಲಸಗಾರ, ಸಾಯುವ ಮುನ್ನ ಸೀಸದ ತಗಡಿನಲ್ಲಿ ಶಾಪ ಗೀಚಿ, ಮೊಳೆ ಹೊಡೆದು, ನಾಣ್ಯ ಹೊಡೆಯುವ ಅಡಿಗಲ್ಲಿನ ಕೆಳಗೆ ಹೂತಿದ್ದನಂತೆ: ಇಲ್ಲಿ ಮುಖ ಅಳಿಸಿದವನ ಮನೆಯಲ್ಲೂ ಮುಖ ಅಳಿಯಲಿ.

ಹರ್ಮಿಯಾಸ ಬಗ್ಗಿ ತಗಡನ್ನು ಎಳೆದ. ಮೊಳೆ ಕಿತ್ತು ಮೂಲೆಗೆಸೆದ. "ಸೀಸಕ್ಕೆ ಅಷ್ಟು ತಾಕತ್ತಿದ್ದಿದ್ರೆ ನಿನ್ನ ಸುತ್ತಿಗೆ ಯಾಕೆ ಬೇಕಿತ್ತು ಅಜ್ಜ?"

ಮುದುಕ ನಗಲಿಲ್ಲ. "ಆ ಅಚ್ಚಲ್ಲಿರೋ ಮುಖ ಯಾರದು ಅಂತ ನಿನಗೇ ಗೊತ್ತಲ್ಲ."

ಗೊತ್ತಿತ್ತು. ಬೆಳ್ಳಿ ನಾಣ್ಯದ ಹಿಂಬದಿಗೆ ರಾಜಮಾತೆಯೂ ಅವಳ ಇಬ್ಬರು ಮಕ್ಕಳೂ ಬೇಕೆಂದಾಗ ಅರಮನೆಯಿಂದ ಮಾದರಿ ಬಂದಿರಲಿಲ್ಲ. ಹರ್ಮಿಯಾಸ ಹೆಂಡತಿ ಕಲ್ಲಿಸ್ತೆಯನ್ನು ಎದುರು ಕೂರಿಸಿಕೊಂಡಿದ್ದ, ಎಡಬಲಕ್ಕೆ ತನ್ನ ಮಕ್ಕಳನ್ನು. ಕಿರಿಯವನು ಆರು ವರ್ಷದ ಫಿಲೋ. ಕೂತಲ್ಲಿ ಕೂರದ ಅವನಿಗೆ ಅಂಜೂರ ತಿನ್ನಿಸುತ್ತ ತಿನ್ನಿಸುತ್ತ ಆ ಮೊಂಡು ಮೂಗನ್ನು ಕೊರೆದಿದ್ದ.

ಈಗ ಅರಮನೆಯಲ್ಲಿ ರಾಜಮಾತೆಯ ಹಿರಿಯ ಮಗ ತಮ್ಮನನ್ನು ತಾಯಿಯ ಮಡಿಲಲ್ಲೇ ಕೊಲ್ಲಿಸಿದ್ದ. ಸತ್ತವನ ಮುಖ ಎಲ್ಲೂ ಇರಕೂಡದೆಂದು ಅವನ ಆಜ್ಞೆ. ಹೊಸ ಅಚ್ಚಿಗೆ ಸಮಯವಿಲ್ಲ. ಹಳೆಯದನ್ನೇ ಕೆರೆದು ಮಧ್ಯಾಹ್ನದೊಳಗೆ ನಾಣ್ಯ ಹೊಡೆಯಬೇಕು. ಕತ್ತಿ ಹಿಡಿದ ಸೈನಿಕನೊಬ್ಬ ಬಾಗಿಲಲ್ಲಿ ಕಾಯುತ್ತಿದ್ದ.

ಅಚ್ಚಿನಲ್ಲಿ ಮುಖವೆಂದರೆ ಕುಳಿ. ಆ ಕುಳಿಯನ್ನು ಕೆದಕಿದರೆ ಬೆಳ್ಳಿಯಲ್ಲಿ ಮುಖವಿದ್ದ ಕಡೆ ಬರೀ ಮುದ್ದೆ ಏಳುತ್ತದೆ. ಹರ್ಮಿಯಾಸ ಉಳಿಯಿಟ್ಟ. ಲೋಹ ಕಿರುಗುಟ್ಟಬೇಕಿತ್ತು. ಸದ್ದಿಲ್ಲದೆ ಸೀಳಿತು, ಹಸಿಮಾಂಸದ ಹಾಗೆ. ಇದ್ದಿಲ ಹೊಗೆಯೊಳಗಿಂದ ಕುರಿ ಕಡಿದ ಜಾಗದ ವಾಸನೆ ಎದ್ದಿತು. ಕುಲುಮೆ ಉರಿಯುತ್ತಲೇ ಇತ್ತು, ಆದರೂ ಗೋಡೆಗಳು ಕಪ್ಪಾಗುತ್ತ ಹತ್ತಿರ ಸರಿದವು. ಕಣ್ಣು ಮಂಜಾಗಿದೆ ಎಂದುಕೊಂಡ. ಕೆಲಸ ಮುಗಿಸಿದ.

ಪುದೆನ್ಸ್ ಸುತ್ತಿಗೆ ಮುಟ್ಟಲಿಲ್ಲ. ಕತ್ತಿಯ ಮೊನೆ ಅವನ ಕುತ್ತಿಗೆಗೆ ಬಂತು. ಎಡಗೈಯಲ್ಲಿ ಅಚ್ಚನ್ನು ಬೆಳ್ಳಿಬಿಲ್ಲೆಯ ಮೇಲೆ ಹಿಡಿದು ಸುತ್ತಿಗೆ ಎತ್ತಿದ.

ಧಡ್.

ಹಿಂದಿನ ಕೋಣೆಯಿಂದ ಚೀತ್ಕಾರ. ಹರ್ಮಿಯಾಸನ ಸಂಸಾರ ಇದ್ದದ್ದು ಅಲ್ಲೇ. ಓಡಿದ. ಗಂಜಿಯ ಬಟ್ಟಲು ಉರುಳಿತ್ತು. ಫಿಲೋನ ಮೂಗಿದ್ದಲ್ಲಿ ಒಡೆದ ಮೂಳೆ ಕಾಣುತ್ತಿತ್ತು. ಕಲ್ಲಿಸ್ತೆಯ ಮಡಿಲೆಲ್ಲ ರಕ್ತ.

"ಯಾರೂ ಹೊಡೀಲಿಲ್ಲ ಕಣ್ರೀ," ಅವಳು ತೊದಲಿದಳು. "ಕೂತಿದ್ದ. ಸುಮ್ನೆ ಕೂತು ಉಣ್ತಿದ್ದ."

ಧಡ್.

ಅವನ ಕಣ್ಣೆದುರೇ ಮಗನ ಎಡಗಣ್ಣು ಒಳಗೆ ಕುಸಿಯಿತು.

ಹಿಂದಕ್ಕೆ ಓಡಿದ. ಧಡ್. ಬೆನ್ನ ಹಿಂದೆ ಕಲ್ಲಿಸ್ತೆಯ ಚೀರಾಟ: "ಬಲಗಣ್ಣೂ ಹೋಯ್ತು!" ಕಾಲು ಜಾರಿತು. ಎದ್ದ. ಸೈನಿಕ "ಇನ್ನೊಂದು" ಎನ್ನುತ್ತಿದ್ದ. ಸುತ್ತಿಗೆ ಮೇಲಿತ್ತು. ಅದು ಇಳಿಯತೊಡಗಿತು. ಹರ್ಮಿಯಾಸ ಬಲಗೈಯನ್ನು ಅಚ್ಚಿನ ಕೆಳಗೆ ತೂರಿಸಿದ.

ಮೂಳೆಗಳು ನುಚ್ಚಾದವು. ಮುದುಕನ ಮುಖಕ್ಕೆ ರಕ್ತ ಎರಚಿತು. ಅಚ್ಚು ಓರೆಯಾಗಿ ಎರಡಾಗಿ ಬಿರಿಯಿತು.

ಕೋಣೆಯಲ್ಲಿ ಚೀರಾಟ ನಿಂತಿತು. ಫಿಲೋ ಉಸಿರಾಡುತ್ತಿದ್ದ.

ಹರ್ಮಿಯಾಸ ಮತ್ತೆಂದೂ ಉಳಿ ಹಿಡಿಯಲಿಲ್ಲ. ಕೊಳೆತ ಬೆರಳುಗಳನ್ನು ಕತ್ತರಿಸಿದರು. ಅಂಗೈ ಮಾತ್ರ ವಾಸಿಯಾಯಿತು, ಅಚ್ಚೊತ್ತಿದ ಗುರುತಿನ ಸಮೇತ. ಬೆಳಗಿನ ಬಿಸಿಲಿಗೆ ಕೂತಾಗ ಕುರುಡು ಮಗ ಅದನ್ನು ಬೆರಳಿನಿಂದ ತಡವುತ್ತಾನೆ.

"ಇದು ಅಮ್ಮ. ಇದು ಅಣ್ಣ."

ಆಮೇಲೆ ಬೆರಳು ಮುದ್ದೆಯಂಥ ಗಂಟಿನ ಮೇಲೆ ನಿಲ್ಲುತ್ತದೆ. ಇನ್ನೊಂದು ಕೈಯಿಂದ ತನ್ನ ಮುಖವನ್ನು ಸವರಿಕೊಳ್ಳುತ್ತಾನೆ, ನಿಧಾನವಾಗಿ, ಹೋಲಿಸಿ ನೋಡುವವನಂತೆ.

"ಇದು ನಾನು," ಎನ್ನುತ್ತಾನೆ.