ನೀರಿನಪ್ಪನ ಕಳ್ಳತನ

ಸೋಮವಾರ ಬೆಳಗ್ಗೆ ಹತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಡಾಕ್ಟರಿಗೆ ಕೂರುವಷ್ಟೂ ವ್ಯವಧಾನವಿರಲಿಲ್ಲ.

"ನನ್ನ ಹೈಡ್ರೋಜನ್ ಕಳುವಾಗಿದೆ," ಎಂದರು.

ದಫೇದಾರರು ಪೆನ್ನೆತ್ತಿ ಇನ್ಸ್‌ಪೆಕ್ಟರ್ ಕಡೆ ನೋಡಿದರು. ನಿವೃತ್ತಿ ಹತ್ತಿರವಾಗಿದ್ದರೂ ಅವರ ನಾಲಿಗೆಗಿನ್ನೂ ಹದಿನೆಂಟರ ಪ್ರಾಯ. "ಅಂದ್ರೆ ಜಲಜನಕ. ನೀರಿನ ಅಪ್ಪನ್ನೇ ಹೊತ್ಕೊಂಡು ಹೋಗಿದ್ದಾರೆ ಅಂತ ಬರ್ಕೊಳ್ಲಾ ಮೇಡಂ?"

ಇನ್ಸ್‌ಪೆಕ್ಟರ್ ನಗು ನುಂಗಿಕೊಂಡು ಕುರ್ಚಿ ಮುಂದಕ್ಕೆಳೆದುಕೊಂಡಳು. ಒಂದು ವರ್ಷದಿಂದ ಸರಗಳ್ಳತನ, ಪಾರ್ಕಿಂಗ್ ಜಗಳ, ಮತ್ತೆ ಸರಗಳ್ಳತನ ಎಂದು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವಳು ಅವಳು. ಬಣ್ಣವಿಲ್ಲದ, ವಾಸನೆಯಿಲ್ಲದ ಮಾಲು ಕಳುವಾಗಿದೆ ಎಂದರೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

"ಮೊದಲಿಂದ ಹೇಳಿ ಡಾಕ್ಟ್ರೇ."

"ನೀರಿಗೆ ಹಾಕಿದ್ರೆ ಹೈಡ್ರೋಜನ್ ಬಿಡೋ ಮಾತ್ರೆ. ಕೈ ನಡುಗೋ ಕಾಯಿಲೆಯವರಿಗೆ ದಿನಾ ಆ ನೀರು ಕುಡಿಸಿ ನೋಡ್ತಿದ್ದೀವಿ. ಅರ್ಧ ಜನಕ್ಕೆ ಅಸಲಿ, ಇನ್ನರ್ಧಕ್ಕೆ ಬರೀ ಗುಳ್ಳೆ ಬರೋ ಸುಳ್ಳು ಮಾತ್ರೆ. ಇದಕ್ಕೆ ಒಪ್ಪಿಕೊಂಡೇ ಎಲ್ಲರೂ ಸೇರಿದ್ದಾರೆ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಆ ಗುಟ್ಟು ಹೊರಗಿನ ಪ್ರಯೋಗಾಲಯದಲ್ಲಿದೆ."

"ಇದ್ರಿಂದ ಗುಣ ಆಗುತ್ತಾ?"

"ಆಗುತ್ತೆ ಅಂತ ಊರೆಲ್ಲ ಸಾರೋರು ಬೇಕಾದಷ್ಟಿದ್ದಾರೆ. ನನಗೂ ಆಸೆ ಇದೆ. ಆದ್ರೆ ಆಗುತ್ತಾ ಇಲ್ವಾ ಅಂತ ತಿಳಿಯೋಕೇ ಈ ಪರೀಕ್ಷೆ." ಡಾಕ್ಟರ ದನಿ ಕುಸಿಯಿತು. "ಈಗ ಪ್ರಯೋಗಾಲಯದವರು ತಪಾಸಣೆ ಮಾಡಿದ್ರೆ ಒಬ್ಬರ ಡಬ್ಬಿಯಲ್ಲಿ ಎರಡೂ ಥರದ ಮಾತ್ರೆ. ಯಾರೋ ಅದಲುಬದಲು ಮಾಡಿದ್ದಾರೆ. ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ ಆಗುತ್ತೆ ಮೇಡಂ."

FIR ದಾಖಲಾಯಿತು. ಮಧ್ಯಾಹ್ನದೊಳಗೆ ಜೀಪು ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಂದೆ ನಿಂತಿತ್ತು.

ಔಷಧಿ ಸ್ಟೋರು ನೆಲಮಾಳಿಗೆಯಲ್ಲಿತ್ತು. ಸಾಲು ಸಾಲು ಉಕ್ಕಿನ ಕಪಾಟು, ಪ್ರತಿ ರೋಗಿಗೂ ಒಂದು ನಂಬರಿನ ಡಬ್ಬಿ. ಸ್ಟೋರ್ ಕೀಪರ್ ಮೂವತ್ತರ ಆಸುಪಾಸಿನವನು. ಕೇಳುವ ಮೊದಲೇ ಬೀಗ ತೆಗೆದು ಬದಿಗೆ ನಿಂತ. ಅವನನ್ನೂ ಉಳಿದ ಸಿಬ್ಬಂದಿಯನ್ನೂ ಹೊರಗೆ ಕೂರಿಸಿ, ಕ್ಯಾಂಟೀನಿನ ಮ್ಯಾನೇಜರ್ ಮತ್ತು ಒಬ್ಬ ಗುಮಾಸ್ತರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಆರಂಭಿಸಲಾಯಿತು. ಹೊರಗಿನ ಪ್ರಯೋಗಾಲಯದ ಕೆಮಿಸ್ಟ್ ಹೆಂಗಸು ಒಂದು ಪುಟ್ಟ ಸೀಸೆ ತಂದಿದ್ದಳು.

"ಹೈಡ್ರೋಜನ್ ಇದ್ರೆ ಈ ನೀಲಿ ಮಾಯ ಆಗುತ್ತೆ. ಇಲ್ದಿದ್ರೆ ಹಾಗೇ ಉಳಿಯುತ್ತೆ."

ಮೊದಲ ಲೋಟಕ್ಕೆ ಮಾತ್ರೆ ಬಿತ್ತು. ನೀರು ಭುಸ್ಸೆಂದು ಉಕ್ಕಿತು. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಬಗ್ಗಿದಳು. ಹನಿ ಬಿದ್ದು ನೀರು ನೀಲಿಯಾಯಿತು, ನೀಲಿಯಾಗಿಯೇ ಉಳಿಯಿತು. ಎರಡನೆಯ ಲೋಟದಲ್ಲಿ ಅಂಥ ಆರ್ಭಟವೇನೂ ಇಲ್ಲ, ನೀರು ತುಸು ಮಬ್ಬಾಯಿತು ಅಷ್ಟೆ. ಹನಿ ಬಿದ್ದದ್ದೇ ತಡ, ನೀಲಿ ಕಣ್ಣೆದುರೇ ಕರಗಿ ಹೋಯಿತು!

"ಅಯ್ಯೋ, ಹೋಯ್ತು ನೋಡ್ರೀ!" ಎಂದು ಇನ್ಸ್‌ಪೆಕ್ಟರ್ ಚಪ್ಪಾಳೆ ತಟ್ಟಿಯೇಬಿಟ್ಟಳು. ಪಂಚರೂ ಕತ್ತು ಚಾಚಿದರು.

"ಗುಳ್ಳೆ ಜಾಸ್ತಿ ಬಂದದ್ದು ಸುಳ್ಳು ಮಾತ್ರೆನಾ?"

"ಹೌದು. ಅಸಲಿ ಥರಾನೇ ಕಾಣ್ಲಿ ಅಂತ ಗುಳ್ಳೆ ಸೇರಿಸಿದ್ದಾರೆ. ಸ್ವಲ್ಪ ಜಾಸ್ತಿನೇ ಆಗಿದೆ," ಎಂದಳು ಕೆಮಿಸ್ಟ್.

ಸಂಜೆಯ ಹೊತ್ತಿಗೆ ಎಲ್ಲ ಡಬ್ಬಿಗಳೂ ಮುಗಿದವು. ಕೆಮಿಸ್ಟಿನ ಪಟ್ಟಿಗೆ ತಾಳೆಯಾಗದವು ಎರಡೇ, ಹನ್ನೊಂದು ಮತ್ತು ಇಪ್ಪತ್ತಮೂರು. ಹನ್ನೊಂದರವರಿಗೆ ಸಲ್ಲಬೇಕಾದ ಅಸಲಿ ಮಾತ್ರೆ ಇಪ್ಪತ್ತಮೂರರವರಿಗೆ ಹೋಗುತ್ತಿತ್ತು.

ಲಾಭ ಯಾರಿಗೋ ಕಳ್ಳ ಅವರ ಕಡೆಯವನು. ಅಷ್ಟು ಲೆಕ್ಕ ಹಾಕಿ ಮಂಗಳವಾರ ಬೆಳಗ್ಗೆಯೇ ಇಪ್ಪತ್ತಮೂರರ ಬಾಗಿಲು ತಟ್ಟಿದರು. ನಿವೃತ್ತ ಬಸ್ ಡ್ರೈವರ್, ಒಂಟಿ ಜೀವ.

"ಆಸ್ಪತ್ರೆಯಲ್ಲಿ ನಿಮ್ಮೋರು ಯಾರಿದ್ದಾರೆ?"

"ಎಲ್ಲೂ ಯಾರೂ ಇಲ್ಲ ತಾಯಿ. ನನಗೋಸ್ಕರ ಔಷಧಿ ಕದಿಯೋಷ್ಟು ಪ್ರೀತಿ ಇರೋರು ಒಬ್ರಿದ್ರೆ ನನಗೂ ತೋರಿಸಿ, ನೋಡ್ಬೇಕು."

ಜೀಪಿನಲ್ಲಿ ದಫೇದಾರರು ಆಕಳಿಸಿದರು. "ಕದ್ದಿದ್ದರಿಂದ ಯಾರಿಗೂ ಲಾಭ ಇಲ್ಲ ಅಂದ್ರೆ, ಕಳ್ಳ ಶುದ್ಧ ದಡ್ಡ ಮೇಡಂ."

ಇನ್ಸ್‌ಪೆಕ್ಟರ್ ಸರಕ್ಕನೆ ತಿರುಗಿದಳು. ಅವಳ ಕಣ್ಣೆದುರು ಭುಸ್ಸೆಂದು ಉಕ್ಕಿದ ಲೋಟವಿತ್ತು. "ದಡ್ಡನೇ ದಫೇದಾರ್ರೇ! ಗುಳ್ಳೆ ನೋಡಿ ಮೋಸ ಹೋಗಿದ್ದಾನೆ. ಹನ್ನೊಂದರ ಮನೆಗೆ ನಡೀರಿ!"

ಹನ್ನೊಂದನೆಯವಳು ಕೈಗಡಿಯಾರ ರಿಪೇರಿಯ ಹೆಂಗಸು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಗಾಜಿನ ಕಪಾಟಿನ ತುಂಬ ಬಾಯಿಬಿಟ್ಟ ಗಡಿಯಾರಗಳು, ಮೇಜಿನ ಮೇಲೆ ಸೂಜಿಯಂಥ ಚಿಮಟಗಳು. ಎಲ್ಲದರ ಮೇಲೂ ಧೂಳಿತ್ತು.

"ಈಗ ಹೇಗಿದ್ದೀರಮ್ಮ?"

"ಎಷ್ಟೋ ವಾಸಿ. ಈಚೆಗೆ ಬರ್ತಿರೋ ಮಾತ್ರೆ ಜೋರಾಗಿದೆ. ಚೆನ್ನಾಗಿ ಗುಳ್ಳೆ ಬಂದ್ರೇನೇ ಒಳ್ಳೇದು ಅಂತ ನನ್ನ ತಮ್ಮ ಹೇಳ್ದ."

"ತಮ್ಮನಿಗೆ ಏನು ಕೆಲಸ?"

"ಅದೇ ಆಸ್ಪತ್ರೆ. ಔಷಧಿ ಸ್ಟೋರಲ್ಲಿ." ಅವಳ ಮುಖದಲ್ಲಿ ಹೆಮ್ಮೆ ಮೂಡಿತು.

ದಫೇದಾರರು ಮೀಸೆಯಡಿಯಲ್ಲಿ ನಕ್ಕರು. ಇನ್ಸ್‌ಪೆಕ್ಟರ್‌ಗೆ ಕುಣಿಯುವಷ್ಟು ಖುಷಿ. ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡೇ ಇಳಿದಳು.

ಅಂದೇ ಮಧ್ಯಾಹ್ನ ಸ್ಟೋರ್ ಕೀಪರ್ ಠಾಣೆಯಲ್ಲಿದ್ದ. ಹೆದರಿದಂತೆ ಕಾಣಲಿಲ್ಲ.

"ರೋಗಿ ನಿನ್ನ ಅಕ್ಕ ಅಂತ ಯಾಕೆ ಮುಚ್ಚಿಟ್ಟೆ?"

"ಹೇಳಿದ್ರೆ ಅವಳನ್ನ ಸೇರಿಸ್ಕೊಳ್ತಿರಲಿಲ್ಲ."

"ಮಾತ್ರೆ ಬದಲಾಯಿಸಿದ್ದು ನೀನೇನಾ?"

"ನಾನೇ. ಎರಡು ಡಬ್ಬಿಯಿಂದ ಒಂದೊಂದು ಹಾಕಿ ನೋಡ್ದೆ. ಅಕ್ಕಂದು ಸತ್ತ ಹಾಗಿತ್ತು, ಇನ್ನೊಂದು ಕುದಿಯೋ ಹಾಗೆ ಉಕ್ತು. ಗ್ಯಾಸು ಅಂದ್ಮೇಲೆ ಗುಳ್ಳೆ ಬರಬೇಕಲ್ವಾ ಮೇಡಂ?" ಅವನು ಎದೆಯುಬ್ಬಿಸಿದ. "ಅಪ್ಪ ಅಮ್ಮ ಹೋದಾಗ ನನಗೆ ಆರು ವರ್ಷ. ಅಕ್ಕ ಕಣ್ಣಿಗೆ ಭೂತಗನ್ನಡಿ ಸಿಗಿಸ್ಕೊಂಡು ಹಗಲೂ ರಾತ್ರಿ ಗಡಿಯಾರ ಬಿಚ್ಚಿ ನನ್ನ ಓದಿಸಿದ್ಲು. ಆ ಕೈ ಈಗ ಲೋಟ ಹಿಡಿಯಲ್ಲ. ಜೈಲಾದ್ರೂ ಸರಿ. ಅವಳು ವಾಸಿ ಆಗ್ತಿದ್ದಾಳೆ, ನನಗಷ್ಟೇ ಸಾಕು."

ಇನ್ಸ್‌ಪೆಕ್ಟರ್ ಎರಡು ಲೋಟ ಮುಂದಿಟ್ಟಳು. ಠಾಣೆಗೆ ಕರೆಸಿದ್ದ ಕೆಮಿಸ್ಟ್ ಮಾತ್ರೆ ಹಾಕಿ, ನೀಲಿ ಹನಿ ಬಿಟ್ಟು, ಹನಿಯ ಗುಣವನ್ನು ಒಂದೇ ಮಾತಿನಲ್ಲಿ ಹೇಳಿದಳು. ಉಕ್ಕಿದ ಲೋಟ ನೀಲಿಯಾಗಿಯೇ ನಿಂತಿತು.

ಅವನು ಒಂದು ಲೋಟ ನೋಡಿದ, ಇನ್ನೊಂದು ನೋಡಿದ. "ಹಾಗಾದ್ರೆ ಅವಳಿಗೆ ಬರ್ತಿದ್ದ ಅಸಲಿ ಮಾತ್ರೇನ... ನಾನೇ..." ಅವನು ಉಕ್ಕಿದ ಲೋಟವನ್ನು ದೂರ ತಳ್ಳಿದ. "ಅಕ್ಕನಿಗೆ ಇದೊಂದು ಹೇಳ್ಬೇಡಿ ಮೇಡಂ," ಎಂದ.

ಎರಡು ದಿನದಿಂದ ಗಾಳಿಯಲ್ಲಿ ತೇಲುತ್ತಿದ್ದ ಇನ್ಸ್‌ಪೆಕ್ಟರ್, "ಇಲ್ಲ, ಹೇಳಲ್ಲ," ಎಂದು ಕಡತವನ್ನು ಹತ್ತಿರಕ್ಕೆ ಎಳೆದುಕೊಂಡಳು. ನಂಬಿಕೆ ದ್ರೋಹ ಮತ್ತು ವಂಚನೆಯ ಆರೋಪದಡಿ ಬಂಧನ ದಾಖಲಾಯಿತು. ಡಾಕ್ಟರ ಪರೀಕ್ಷೆ ಉಳಿಯಿತು. ನಿಯಮದಂತೆ ಹನ್ನೊಂದು ಮತ್ತು ಇಪ್ಪತ್ತಮೂರನ್ನು ಅದರಿಂದ ಕೈಬಿಟ್ಟರು.

ಸಂಜೆ ಬಂಧನದ ಮಾಹಿತಿ ಪತ್ರಕ್ಕೆ ಸಹಿ ಹಾಕಲು ಅಕ್ಕ ಬಂದಳು. ಪೆನ್ನು ಕಾಗದದ ಮೇಲೆ ಎಲ್ಲೆಲ್ಲೋ ಓಡಿತು. ದಫೇದಾರರು ಕಾಗದವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಮೇಡಂ," ಅವಳು ತಗ್ಗಿದ ದನಿಯಲ್ಲಿ ಹೇಳಿದಳು, "ವಾಸಿ ಅಂದೆನಲ್ಲ, ಸುಳ್ಳು. ಕೈ ಇನ್ನೂ ಹದಗೆಟ್ಟಿದೆ. ಆ ಮಾತ್ರೆ ಉಕ್ಕಿದ ದಿನ ಅವನ ಮುಖ ನೋಡಬೇಕಿತ್ತು ನೀವು, ಚಿಕ್ಕೋನಿದ್ದಾಗಿನ ಹಾಗೇ ಕುಣಿದ. ವಾಸಿ ಆಗ್ತಿದೆ ಕಣೋ ಅಂದುಬಿಟ್ಟೆ. ಆಮೇಲೆ ದಿನಾ ಕೇಳೋನು, ದಿನಾ ಅದನ್ನೇ ಹೇಳ್ದೆ. ಈಗ್ಲೂ ಅವನಿಗೆ ಹೇಳ್ಬೇಡಿ."

ಗೋಡೆಯಾಚೆಗೇ, ಲಾಕಪ್ಪಿನಲ್ಲಿ ತಮ್ಮ ಇದ್ದ.

"ಇಲ್ಲಮ್ಮ, ಹೇಳಲ್ಲ," ಎಂದಳು ಇನ್ಸ್‌ಪೆಕ್ಟರ್. ಆ ದಿನ ಆ ಮಾತನ್ನು ಅವಳು ಹೇಳಿದ್ದು ಎರಡನೆಯ ಸಲ.