ಮುರಿದ ಹಲ್ಲಿನ ಸಾರಂಗ

ಫರ್ಮಿನ್ ಲಾರಾಲ್ದೆ ಟಿವಿಯಲ್ಲಿ ಕಣ್ಣೊರೆಸಿಕೊಂಡಾಗ ಅನ್ಸೆಲ್ಮೊ ಹೊಲುಬ್ ಹೀರುತ್ತಿದ್ದ ಮಾಟೆ ಕಷಾಯವನ್ನು ಕುಕ್ಕಿ ಇಟ್ಟ.

"ಆ ಚಳಿಗಾಲದಲ್ಲಿ ಪ್ರಾಯದ ಗಂಡು ಸಾರಂಗವೊಂದು ಬೇಲಿ ತಂತಿಗೆ ಸಿಕ್ಕಿ ಒದ್ದಾಡ್ತಿತ್ತು," ಎಂದು ಲಾರಾಲ್ದೆ ರಾಜಧಾನಿಯ ತುಂಬಿದ ಸಭೆಗೆ ಹೇಳುತ್ತಿದ್ದ. "ತಂತಿ ಕಚ್ಚಿ ಕಚ್ಚಿ, ಪಾಪ, ಮುಂದಿನ ಹಲ್ಲೇ ಅರ್ಧ ಮುರ್ಕೊಂಡಿತ್ತು. ಈ ಕೈಯಾರೆ ಬಿಡಿಸಿದೆ. ಇವತ್ತು ಅದೇ ನಮ್ಮ ಕಾಡಿನ ರಾಜ, ನಮ್ಮ ಮುತ್ಯಾ. ಅದು ಮುಪ್ಪಿಂದ ಸಾಯಬೇಕೇ ಹೊರತು ಗುಂಡಿಂದ ಅಲ್ಲ. ಇದು ನನ್ನ ಮಾತು."

ಚಪ್ಪಾಳೆಯೋ ಚಪ್ಪಾಳೆ. ಕೊರಳಿಗೆ ವನ್ಯಜೀವಿ ರಕ್ಷಕನ ಪದಕ ಬಿತ್ತು.

ಆ ಸಾರಂಗವನ್ನು ಬಿಡಿಸಿದವನು ಅನ್ಸೆಲ್ಮೊ. ಆಗ ಲಾರಾಲ್ದೆಗೆ ಈ ಲಾ ಪಾಂಪಾ ಸೀಮೆ ಯಾವ ದಿಕ್ಕಿಗಿದೆ ಎಂದೇ ಗೊತ್ತಿರಲಿಲ್ಲ. ಆ ದಿನ ತಂತಿ ಕೊಯ್ದ ಗಾಯದ ಗುರುತು ಅನ್ಸೆಲ್ಮೊನ ಅಂಗೈಯಲ್ಲಿ ಇನ್ನೂ ಇತ್ತು.

"ಹಲ್ಲು ಕಡೀಬೇಡ ಮುದುಕಾ," ಎಂದಳು ಹೆಂಡತಿ ಒಟಿಲಿಯಾ. "ಉಳಿದಿರೋದೇ ನಾಲ್ಕು."

ಅನ್ಸೆಲ್ಮೊ ನಗಲಿಲ್ಲ. ರಕ್ಷಕರು ಅಂದರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಈ ಕೆಂಪು ಸಾರಂಗಗಳನ್ನು ಯುರೋಪಿನಿಂದ ಹಡಗಿನಲ್ಲಿ ತರಿಸಿದ ಮೊದಲ ಧಣಿಗೂ ಊರಿನ ಚೌಕದಲ್ಲಿ ಒಂದು ಪ್ರತಿಮೆ ಇದೆ. ಆ ಮಹಾರಾಯ ತರಿಸಿದ್ದು ಗುಂಡು ಹೊಡೆಯುವುದಕ್ಕೆ. ದಾರಿಯುದ್ದಕ್ಕೂ ಅವಕ್ಕೆ ಹುಲ್ಲು ಹಾಕಿ ಬದುಕಿಸಿಕೊಂಡು ಬಂದ ಕಾವಲುಗಾರ ಅನ್ಸೆಲ್ಮೊನ ಅಜ್ಜ. ಅಜ್ಜನಿಗೆ ಯಾರೂ ಪ್ರತಿಮೆ ಮಾಡಿಸಲಿಲ್ಲ. ಈಗ ಬಂದ ಲಾರಾಲ್ದೆಯಂತೂ ಇನ್ನೂ ಜಾಣ. ಮುತ್ಯಾನನ್ನು ಕೊನೆಯವರೆಗೂ ಕಾಯುತ್ತೇನೆ ಎಂದು ಸರ್ಕಾರಕ್ಕೆ ಮಾತು ಕೊಟ್ಟು ಇಡೀ ಕಾಲ್ದೆನ್ ಮರಗಳ ಕಾಡನ್ನೇ ಗುತ್ತಿಗೆಗೆ ಹಿಡಿದ. ಸುತ್ತ ಕುದುರೆಯೂ ಹಾರದಂಥ ಬೇಲಿ ಹಾಕಿಸಿದ. ಅಂದಿನಿಂದ ಮನೆಯ ಸಾರಿಗೆಂದು ಒಂದು ಸಾರಂಗ ಹೊಡೆದ ಊರಿನವನು ಕಳ್ಳಬೇಟೆಗಾರನಾದ. ಗೋಡೆಗೆ ತಲೆ ಬೇಕೆಂದು ವಿಮಾನ ಹತ್ತಿ ಬಂದು ಡಾಲರ್ ಸುರಿದವನು ಸಂರಕ್ಷಣೆಗೆ ನೆರವಾದ ಅತಿಥಿಯಾದ. ಕೊಂಬಿನ ಕವಲಿಗೆ ತಕ್ಕ ದರ. ಕಟುಕನ ಅಂಗಡಿಯಲ್ಲಾದರೂ ಮಾಂಸಕ್ಕೆ ದರ ಇರುತ್ತದೆ.

ಅನ್ಸೆಲ್ಮೊ ಆ ಅತಿಥಿಗಳಿಗೆ ದಾರಿ ತೋರಿಸುವ ಆಳಾದ. ಹೊಟ್ಟೆಪಾಡು, ಏನು ಮಾಡುವುದು? ಎದೆಯ ಮೇಲೆ ಧಣಿಯ ಗುರುತು ಹೊಲಿದ ಅಂಗಿ ತೊಟ್ಟ. ಅಜ್ಜನ ಕಾಲದ ಟೋಪಿ ಮಾತ್ರ ಬಿಡಲಿಲ್ಲ. ಬೇರೆ ಬೇಟೆಗಾರರೆಲ್ಲ ಕೈಬಿಟ್ಟಿದ್ದ ಅಜ್ಜನ ಒಂದು ಪದ್ಧತಿಯನ್ನೂ ಬಿಟ್ಟಿರಲಿಲ್ಲ: ಬಿದ್ದ ಪ್ರಾಣಿಯ ಹತ್ತಿರದ ಗಿಡದಿಂದ ಒಂದು ಚಿಗುರು ಮುರಿದು, ಅರ್ಧ ಅದರ ಬಾಯಿಗೆ, ಅರ್ಧ ಹೊಡೆದವನ ಟೋಪಿಗೆ. ದೂರದ ದಾರಿಗೆ ಹಸಿದ ಹೊಟ್ಟೆಯಲ್ಲಿ ಯಾರನ್ನೂ ಕಳಿಸಬಾರದು ಅನ್ನುತ್ತಿದ್ದ ಅಜ್ಜ. ಒಮ್ಮೆ ಅತಿಥಿಗಳೆದುರೇ ಲಾರಾಲ್ದೆ ಆ ಚಿಗುರನ್ನು ಕಿತ್ತೆಸೆದ. "ಏನಯ್ಯಾ ಇದು, ಸತ್ತ ಪ್ರಾಣಿಗೆ ತಿಂಡಿ ತಿನ್ನಿಸ್ತೀಯಾ? ಫೋಟೋದಲ್ಲಿ ಹಸು ಮೆಲುಕು ಹಾಕ್ದಂಗೆ ಕಾಣ್ಸುತ್ತೆ!" ಅತಿಥಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಆ ಬೇಲಿಯೊಳಗೆ ಅದು ನಿಷೇಧ.

ಇಷ್ಟನ್ನೂ ಅವನು ನುಂಗಿಕೊಂಡಿದ್ದ. ನುಂಗಲಾಗದ್ದು ಏಪ್ರಿಲ್‌ನಲ್ಲಿ ಬಂತು. ಗಂಡು ಸಾರಂಗಗಳು ಹೆಣ್ಣಿಗಾಗಿ ಕೂಗುವ ಕಾಲ ಮುಗಿಯುತ್ತ ಬಂದಿತ್ತು. ಲಾರಾಲ್ದೆ ಜಗಲಿಯ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದದ್ದು, ಕೆಳಗೆ ಜೀನು ಒರೆಸುತ್ತಿದ್ದ ಅನ್ಸೆಲ್ಮೊನ ಕಿವಿಗೆ ಬಿತ್ತು.

"ಹೂಂ ಹೂಂ, ಅದೇ ಪದಕದ ಸಾರಂಗ. ಓಡಾಡೋ ಕಷ್ಟ ನಿಮಗೆ ಬೇಡ ಬಿಡಿ. ಮತ್ತಿನ ಸೂಜಿ ಚುಚ್ಚಿ ದೊಡ್ಡಿಗೆ ಬಿಡಿಸಿರ್ತೀನಿ, ನೀವು ಕೂತಲ್ಲಿಂದ್ಲೇ ಹೊಡೀಬಹುದು. ಮುಪ್ಪಿಂದ ಸತ್ತಿತು ಅಂತ ನಾನು ಬರೆಸ್ಕೋತೀನಿ. ಇಲ್ಲೊಂದು ಆಳಿನ ಮನೆ ಇದೆ, ಈ ಸೀಸನ್ ಮುಗಿದ್ಮೇಲೆ ಕೆಡವಿ ನಿಮ್ಮಂಥೋರಿಗೆ ಬಂಗ್ಲೆ ಕಟ್ಟಿಸ್ತೀನಿ."

ಆ ಮನೆ ಕಟ್ಟಿದವನು ಅಜ್ಜ. ಅದರಲ್ಲಿ ಹುಟ್ಟಿದವನು ಅನ್ಸೆಲ್ಮೊ. ಅವನ ಮೈಯೆಲ್ಲ ಉರಿದುಹೋಯಿತು. ಆದರೆ ಜೀನು ಒರೆಸುವ ಕೈ ನಿಲ್ಲಲಿಲ್ಲ. ಇಲಾಖೆಗೆ ದೂರು ಕೊಟ್ಟರೆ ಪದಕದವನ ಮಾತು ನಡೆಯುತ್ತದೋ, ಜೀನು ಒರೆಸುವವನದೋ? ಮುತ್ಯಾ ಹೇಗೂ ಸಾಯುತ್ತದೆ, ದೊಡ್ಡಿಯಲ್ಲಿ, ಮಂಪರುಗಣ್ಣಿನಲ್ಲಿ, ತಾನು ಎಲ್ಲಿದ್ದೇನೆಂದೂ ತಿಳಿಯದೆ. ಅದರ ಬದಲು ತಾನೇ ಹೊಡೆದರೆ? ಹೊಡೆದದ್ದು ಲಾರಾಲ್ದೆ ಎಂದು ಕಂಡರೆ? ಗುತ್ತಿಗೆ ಹೋಗುತ್ತದೆ, ಬೇಲಿ ಹೋಗುತ್ತದೆ, ಪದಕ ಹೋಗುತ್ತದೆ. ಮನೆ ಉಳಿಯುತ್ತದೆ.

ಒಂದು ಗುಂಡಿಗೆ ಇಷ್ಟೆಲ್ಲ ಉರುಳುತ್ತದೆ ಎಂದು ಹೊಳೆದಾಗ ಅನ್ಸೆಲ್ಮೊಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಬಂತು.

ಸಂಚು ಹೆಣೆಯಲು ಅವನು ಕಷ್ಟಪಡಲಿಲ್ಲ. ಬೇಟೆ ಅಂದರೂ ಇದೇ ತಾನೆ. ಪ್ರಾಣಿಯ ರೂಢಿ ತಿಳಿದರೆ ಅರ್ಧ ಕೆಲಸ ಆದಂತೆ. ಲಾರಾಲ್ದೆಯ ರೂಢಿಗಳು ಮುತ್ಯಾನವುಗಳಿಗಿಂತ ಸುಲಭ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ತುರುಕಿಕೊಂಡು, ಒಳಗಿನಿಂದ ಚಿಲಕ ಹಾಕಿ ಒಬ್ಬನೇ ಮಲಗುತ್ತಾನೆ. ಮಲಗಿದ್ದೆ ಅನ್ನುವುದಕ್ಕೆ ಅವನಿಗೆ ಸಾಕ್ಷಿ ಹೇಳುವವರು ದಿಂಬು ಬಿಟ್ಟರೆ ಯಾರೂ ಇಲ್ಲ. ಬೂಟು ಜಗಲಿಯ ಮೇಲೆ. ಜೀಪು ಕೊಟ್ಟಿಗೆಯ ಹಿಂದೆ, ಕೀಲಿ ಅದರಲ್ಲೇ. ಸೀಟಿನ ಹಿಂದೆ ಅವನ ಬಂದೂಕು, ಯಾರೋ ಅತಿಥಿ ಹೊರದೇಶದಿಂದ ತಂದುಕೊಟ್ಟದ್ದು. ಅದರ ತೋಟಾ ಸೇರುವ ಬಂದೂಕು ಸುತ್ತಮುತ್ತ ಇನ್ನೊಂದಿಲ್ಲ. ಅದನ್ನು ಬಂದವರಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಂಡವನೂ ಅವನೇ.

ತಾನು ಬೇರೆಡೆ ಇದ್ದೆ ಎನ್ನುವ ನೆಪಕ್ಕೆ ಅನ್ಸೆಲ್ಮೊ ಗಾಳಿಯಂತ್ರವನ್ನು ಆರಿಸಿಕೊಂಡ. ದಕ್ಷಿಣದ ಕೊನೆಯಲ್ಲಿ ನೀರೆತ್ತುವ ಗಾಳಿಯಂತ್ರ ಕೆಟ್ಟು ನಿಂತಿತ್ತು. ಮಂಗಳವಾರವೇ ಹೋಗಿ ಯಾರಿಗೂ ಹೇಳದೆ ರಿಪೇರಿ ಮುಗಿಸಿದ. ಬುಧವಾರ ಬೆಳಿಗ್ಗೆ ಧಣಿಯ ಹತ್ತಿರ, ಊರವರಂತೆ 'ಡಾನ್' ಎಂದು ಗೌರವದಿಂದ ಕರೆದು, "ಇವತ್ತು ಗಾಳಿಯಂತ್ರದ ಕೆಲ್ಸ ಇದೆ, ಡಾನ್ ಫರ್ಮಿನ್. ಇಡೀ ದಿನ ಹಿಡಿಯುತ್ತೆ," ಎಂದ.

"ಮಾಡು ಮಾಡು. ಹಂಗೇ ಆ ಟೋಪಿನೂ ಅಲ್ಲೇ ಬಿಸಾಕಿ ಬಾ," ಎಂದ ಲಾರಾಲ್ದೆ. ಅಡುಗೆಯವಳು ಸಂತೆಗೆ ಹೋಗಿದ್ದಳು. ಅತಿಥಿಗಳು ಬರುವುದು ಮುಂದಿನ ವಾರ.

ಮಧ್ಯಾಹ್ನ ಇಡೀ ಬಯಲು ನಿದ್ದೆ ಹೋಯಿತು. ನಾಯಿ ಕೂಡ ಕಣ್ಣು ತೆರೆಯಲಿಲ್ಲ. ಅನ್ಸೆಲ್ಮೊ ಕುದುರೆಯನ್ನು ಮರೆಯಲ್ಲಿ ಕಟ್ಟಿ, ಚರ್ಮದ ಕೈಗವಸು ತೊಟ್ಟು, ಲಾರಾಲ್ದೆಯ ಬೂಟು ಹಾಕಿಕೊಂಡ. ಸ್ವಲ್ಪ ದೊಡ್ಡದು. ಮುಂಭಾಗಕ್ಕೆ ಹುಲ್ಲು ತುರುಕಿದ. ಜೀಪನ್ನು ನಿಧಾನಕ್ಕೆ ಇಳಿಜಾರಿಗೆ ಬಿಟ್ಟು, ದೂರ ಹೋದ ಮೇಲೆ ಇಂಜಿನ್ ಚಾಲೂ ಮಾಡಿದ. ತಿರುಗಿ ನೋಡಿದ. ಮನೆಯ ಕಿಟಕಿ ಹಾಗೇ ಮುಚ್ಚಿತ್ತು.

ಮುತ್ಯಾ ಹಗಲು ಎಲ್ಲಿ ಮಲಗುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತು. ಗಾಳಿಗೆ ಎದುರಾಗಿ ನಡೆದು, ಎತ್ತಿನ ಕೊಂಬಿನ ಕಹಳೆ ತುಟಿಗಿಟ್ಟು, ಎಳೆಯ ಗಂಡೊಂದು ಸವಾಲು ಹಾಕಿದಂತೆ ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಪೊದೆಯಾಚೆ ಕೊಂಬೆ ಮುರಿದ ಸದ್ದು. ಆಮೇಲೆ ಒಡಕು ದನಿಯಲ್ಲಿ, ಕೆಮ್ಮಿದಂತೆ, ಮುದಿಗಂಡಿನ ಮರುಕೂಗು.

ಅದು ಬಯಲಿಗೆ ಬಂದು ನಿಂತಿತು. ಪಕ್ಕೆಲುಬು ಎಣಿಸಬಹುದಿತ್ತು. ಕೊಂಬೂ ಇಳಿದುಹೋಗಿತ್ತು, ಲಾರಾಲ್ದೆ ಗಿರಾಕಿಗಳಿಗೆ ತೋರಿಸುವ ಹಳೆಯ ಫೋಟೋದ ಆ ವೈಭವ ಈಗೆಲ್ಲಿ? ಆದರೂ ಬಂದಿತ್ತು, ತನ್ನ ಜಾಗ ಬಿಟ್ಟುಕೊಡುವುದಿಲ್ಲ ಎಂದು.

"ಬಾರಪ್ಪಾ, ಬಾ," ಎಂದ ಅನ್ಸೆಲ್ಮೊ ಬಾಯೊಳಗೇ. "ಆ ದೊಡ್ಡಿಗಿಂತ ಇದು ಮೇಲು."

ಗುಂಡು ಹಾರಿತು. ಮುತ್ಯಾ ಕಾಲ್ದೆನ್ ಮರದ ಬುಡದಲ್ಲಿ ನಿಂತಲ್ಲೇ ಕುಸಿಯಿತು.

ಅನ್ಸೆಲ್ಮೊ ಟೋಪಿ ತೆಗೆದು ಅದರ ಪಕ್ಕ ಮಂಡಿಯೂರಿದ. ಅಳು ಬಂತು, ತಡೆಯಲಿಲ್ಲ, ಅತ್ತ. ಇಷ್ಟು ವರ್ಷದಲ್ಲಿ ಹೊಡೆದದ್ದನ್ನು ಹದ್ದಿಗೆ ಬಿಟ್ಟು ಹೋಗುವುದು ಇದೇ ಮೊದಲು. ಅಜ್ಜ ಕಲಿಸಿದ್ದನ್ನು ಕೈಗಳು ತಮ್ಮಷ್ಟಕ್ಕೆ ಮಾಡಿ ಮುಗಿಸುವಾಗ, ತಲೆ ಆಗಲೇ ಮುಂದಿನ ಕೆಲಸಗಳನ್ನು ಲೆಕ್ಕ ಹಾಕುತ್ತಿತ್ತು. ಎದ್ದು ಟೋಪಿ ಹಾಕಿಕೊಂಡ. ಖಾಲಿ ತೋಟಾ ಅರ್ಧ ಕಾಣುವಂತೆ ಹುಲ್ಲಿನಲ್ಲಿ ಬಿಟ್ಟ. ಒದ್ದೆ ಮಣ್ಣಿನಲ್ಲಿ ಬೂಟು ಒತ್ತಿ ನಡೆದ. ತನ್ನದೆಂಬುದು ಒಂದು ಕೂದಲೂ ಬಿದ್ದಿಲ್ಲ ಎಂದು ತಿರುತಿರುಗಿ ನೋಡಿದ. ಜೀಪು ಅದರ ಜಾಗಕ್ಕೆ, ಬಂದೂಕು ಅದರ ಜಾಗಕ್ಕೆ, ಬೂಟು ಜಗಲಿಗೆ. ಕಿಟಕಿ ಇನ್ನೂ ಮುಚ್ಚಿಯೇ ಇತ್ತು. ಕುದುರೆ ಹತ್ತಿ ಗಾಳಿಯಂತ್ರಕ್ಕೆ ಹೋಗಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡ.

ಅವನು ಮನೆಗೆ ಬಂದಾಗ ಒಟಿಲಿಯಾ ಒಲೆಯ ಕಡೆ ಮುಖ ಮಾಡಿ ಮಾಂಸದ ಸಾರು ತಿರುವುತ್ತಿದ್ದಳು. ಟೋಪಿಯನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿ ಕೂತು, ಬಡಿಸಿದ್ದನ್ನೆಲ್ಲ ತಿಂದ; ಇನ್ನೊಂದು ಸೌಟು ಕೇಳಿದ.

"ಏನ್ ಸಮಾಚಾರ?" ಎಂದಳು ಅವಳು. "ಬೇಟೆ ಆದ ದಿನ ಉಂಡಂಗೆ ಉಣ್ತಿದ್ದೀಯ."

ಅವನು ಸಾರಿಗೆ ರೊಟ್ಟಿ ಅದ್ದಿಕೊಂಡ. "ಗಾಳಿಯಂತ್ರ ತಿರುಗ್ತು ಕಣೇ, ಅದೇ ಖುಷಿ," ಎಂದ.

ಬೆಳಗಾಗುವ ಹೊತ್ತಿಗೆ ಹದ್ದುಗಳು ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದವು. ಅನ್ಸೆಲ್ಮೊ ನಿಷ್ಠಾವಂತ ಆಳಿನಂತೆ ಟೋಪಿ ಏರಿಸಿಕೊಂಡು ಹೋಗಿ, "ಆ ಕಡೆ ಹದ್ದು ಸುತ್ತುತಾ ಇವೆ, ಏನೋ ಸತ್ತಂಗಿದೆ," ಎಂದು ವನ್ಯಜೀವಿ ಇಲಾಖೆಯ ಇನ್‌ಸ್ಪೆಕ್ಟರ್ ನೀಡಿಯಾ ಕೊರ್ವಲಾನ್‌ಗೆ ತಿಳಿಸಿದ. ಅವಳು ಅದೇ ಊರಿನವಳು. ಅವಳ ಅಪ್ಪನಿಗೆ ಬೇಟೆ ಕಲಿಸಿದವನು ಅನ್ಸೆಲ್ಮೊ.

ಎಲ್ಲ ಅವನು ಬರೆದಿಟ್ಟಂತೆಯೇ ನಡೆಯಿತು. ನೀಡಿಯಾ ತೋಟಾ ಹೆಕ್ಕಿ ಚೀಲಕ್ಕೆ ಹಾಕಿದಳು. ಬೂಟಿನ ಗುರುತು ಅಳೆದಳು. ಜೀಪಿನ ಚಕ್ರದ ಗೀರು ಕಂಡಳು. ದಾರಿಯಲ್ಲಿ ಹೊಸ ದೊಡ್ಡಿಯನ್ನೂ ನೋಡಿ, ಲಾರಾಲ್ದೆಯನ್ನು ಜೊತೆಗೆ ಕರೆತಂದಿದ್ದಳು.

"ಆ ದೊಡ್ಡಿ ಯಾಕೆ, ಡಾನ್ ಫರ್ಮಿನ್? ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಅದು... ಕಾಯಿಲೆ ಬಿದ್ದ ಪ್ರಾಣಿಗಳಿಗೆ. ನಾನು ನಿನ್ನೆ ಮಧ್ಯಾಹ್ನ ಮಲಗಿದ್ದೆ, ಮೇಡಂ. ದೇವರಾಣೆ!"

"ಮಲಗಿದ್ದನ್ನ ಯಾರು ನೋಡಿದ್ರು?"

ಲಾರಾಲ್ದೆಯ ಮುಖ ಸುಣ್ಣದಂತಾಯಿತು. ಅನ್ಸೆಲ್ಮೊ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಬಾಯಿ ಬಿಡಬಾರದು ಎಂದು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಅಷ್ಟರಲ್ಲಿ ಲಾರಾಲ್ದೆಗೆ ಒಂದು ದಾರಿ ಹೊಳೆಯಿತು.

"ಅಲ್ಲ, ಇದು ಮುತ್ಯಾನೇ ಅಲ್ಲ! ಕೊಂಬು ನೋಡಿ, ಫೋಟೋ ನೋಡಿ. ಹೋಲಿಕೆನೇ ಇಲ್ಲ. ಇದ್ಯಾವ್ದೋ ಬಡಕಲು ಸಾರಂಗ. ಇಂಥದ್ದು ಸತ್ರೆ ಗುತ್ತಿಗೆಗೆ ಏನೂ ಆಗೋದಿಲ್ಲ."

ಬಡಕಲು ಸಾರಂಗ! ಅನ್ಸೆಲ್ಮೊಗೆ ತಡೆಯಲಾಗಲಿಲ್ಲ. "ಡಾನ್ ಫರ್ಮಿನ್, ತಂತಿಗೆ ಹಲ್ಲು ಮುರಿದ ಕತೇನ ಟಿವಿಲಿ ಹೇಳಿದ್ದು ನೀವೇ ಅಲ್ವಾ? ಕೊಂಬು ವರ್ಷಾ ವರ್ಷಾ ಉದುರಿ ಹುಟ್ಟುತ್ತೆ, ಹಲ್ಲು ಹುಟ್ಟಲ್ಲ. ನೀಡಿಯಾ ಮೇಡಂ, ಅದರ ಬಾಯಿ ತೆಗೆದು ನೋಡಿ. ಮುತ್ಯಾ ಹೌದೋ ಅಲ್ವೋ ಈಗ್ಲೇ ಗೊತ್ತಾಗುತ್ತೆ."

ಲಾರಾಲ್ದೆ ತಲೆ ತಗ್ಗಿಸಿದ. ಆ ನೋಟಕ್ಕಾಗಿ ಅನ್ಸೆಲ್ಮೊ ಎಷ್ಟು ದಿನ ಕಾದಿದ್ದ!

ನೀಡಿಯಾ ಮಂಡಿಯೂರಿ, ಸೆಟೆದ ದವಡೆಗೆ ಕಟ್ಟಿಗೆ ಕೊಟ್ಟು ಮೀಟಿದಳು. ಮುರಿದ ಹಲ್ಲು ಅಲ್ಲೇ ಇತ್ತು. ಅದರ ಹಿಂದೆ ಬೆರಳು ಹಾಕಿ ಅವಳು ಇನ್ನೇನನ್ನೋ ಹೊರಗೆ ತೆಗೆದಳು: ಬೀಳದಂತೆ ನಾಲಿಗೆಯ ಮೇಲೆ ಒತ್ತಿಟ್ಟಿದ್ದ ಕಾಲ್ದೆನ್ ಚಿಗುರು, ಒಂದು ತುದಿ ಕೈಯಿಂದ ಮುರಿದದ್ದು. ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. "ತಿಂಡಿ," ಎಂದ ಲಾರಾಲ್ದೆ ಮೊದಲು ಮೆಲ್ಲಗೆ, ಆಮೇಲೆ ಅವನ ಮುಖಕ್ಕೆ ರಕ್ತ ಮರಳಿ ಬಂತು, "ಮೇಡಂ, ಸತ್ತದ್ದಕ್ಕೆ ತಿಂಡಿ ತಿನ್ನಿಸೋನು ಈ ಸೀಮೆಲಿ ಒಬ್ನೇ!" ನೀಡಿಯಾ ಎದ್ದು ನಿಂತಳು. ಅವಳ ಕಣ್ಣು ಅನ್ಸೆಲ್ಮೊನ ಮುಖದಲ್ಲಿ ನಿಲ್ಲಲಿಲ್ಲ. ಅದರ ಮೇಲಕ್ಕೆ ಹೋಗಿ ನಿಂತಿತು. ಆಗ ಅವನ ಕೈ ತಾನಾಗಿಯೇ ಟೋಪಿಯ ಪಟ್ಟಿಗೆ ಏರಿತು, ನಿನ್ನೆಯಿಂದ ಅಲ್ಲೇ ಬಾಡುತ್ತಿದ್ದ ಉಳಿದರ್ಧ ಚಿಗುರು ಬೆರಳಿಗೆ ತಾಗಿತು.