ದಾನೇಶ್ವರಿಯ ಹೆಬ್ಬೆರಳು

ಉಣಕಲ್ ಕೆರೆಯ ಏರು ಮುಗಿಯುವಷ್ಟರಲ್ಲಿ ಪೆಡಲ್ ದಾನೇಶ್ವರಿ ಹೊಂಬಳ ಅವರ ಬಲಗಾಲನ್ನು ಹನ್ನೊಂದು ಸಲ ತಿದ್ದಿತ್ತು. ಅದು ಅವರ ಅರಿವಿಗೇ ಬರಲಿಲ್ಲ. ಅಂಗೈಯಗಲದ ಆ ಪೆಡಲಿನ ಮೈತುಂಬ ಸಾಸಿವೆ ಕಾಳಿನ ದಪ್ಪದ ಆರುನೂರು ಮೊಳೆಗಳಿದ್ದವು. ಒತ್ತಡ ಎಲ್ಲಿ ಹೆಚ್ಚಾಗುತ್ತದೋ ಅಲ್ಲಿ ಅವು ಕೂದಲೆಳೆಯಷ್ಟು ತಗ್ಗುತ್ತಿದ್ದವು, ಕಡಿಮೆಯಾದ ಕಡೆ ಏಳುತ್ತಿದ್ದವು. ಜೊತೆಗೆ ಕೊಟ್ಟ ಬೂಟಿನ ಅಟ್ಟೆ ಏರಿನಲ್ಲಿ ಹಲಗೆಯಂತೆ ಬಿಗಿಯಾಗಿ, ಇಳಿದು ನಡೆಯುವಾಗ ಮತ್ತೆ ಮೆತ್ತಗಾಗುತ್ತಿತ್ತು. ಪೆಡಲ್ ಮತ್ತು ಬೂಟು ಮಾತಾಡಿಕೊಂಡಂತೆ, ಸವಾರರ ಕಾಲನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದವು.

ಅದು 2064ನೇ ಇಸವಿ. ಹುಬ್ಬಳ್ಳಿ-ಧಾರವಾಡದ ನಡುವೆ ನೆರಳಿನ ಸೈಕಲ್ ದಾರಿ ಬಂದು ಒಂಬತ್ತು ವರ್ಷಗಳಾಗಿದ್ದವು. ಖಾಸಗಿ ಕಾರುಗಳು ಊರೊಳಗೆ ಬರುವಂತಿರಲಿಲ್ಲ. ಬ್ಯಾಂಕಿನವರು, ಮೇಷ್ಟರು, ನರ್ಸುಗಳು ಎಲ್ಲರೂ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಪೆಡಲ್ ತುಳಿಯುತ್ತಿದ್ದರು. ಎದೆ ಗಟ್ಟಿಯಾಯಿತು, ಸಕ್ಕರೆ ಕಾಯಿಲೆ ಇಳಿಯಿತು. ಆದರೆ ಹೊಸದೊಂದು ದೂರು ಆಸ್ಪತ್ರೆಗಳಲ್ಲಿ ಸಾಲುಗಟ್ಟಿತು: ಅಂಗಾಲು ಉರಿ, ಬೆರಳು ಜೋಮು. ಕಾರಣ ಸರಳವಾಗಿತ್ತು. ಓಡಲೆಂದು ಮಾಡಿದ ಮೆತ್ತನೆ ಬೂಟು ಕಿರಿದಾದ ಪೆಡಲಿನ ಮೇಲೆ ಬಾಗುತ್ತದೆ. ಮೈಭಾರವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು, ಬೆರಳುಗಳ ಬುಡದಲ್ಲಿ ಮೂಳೆಗಳ ನಡುವೆ ಹಾಯುವ ನರ ಹಿಸುಕಿದಂತಾಗುತ್ತದೆ.

ಈ ಪೆಡಲನ್ನು ರೂಪಿಸಿದವರು ಡಾ. ಇಂಪನಾ ಕಿತ್ತೂರ. ಮೂವತ್ತೆಂಟರ ಪ್ರಾಯ, ಮಾತು ಕಡಿಮೆ. ನಲವತ್ತು ಜನಕ್ಕೆ ಪೆಡಲು, ಬೂಟು ಕೊಟ್ಟು ಒಂದು ತಿಂಗಳ ಪರೀಕ್ಷೆ ಇಟ್ಟಿದ್ದರು. ಅದು ಗೆದ್ದರೆ ನಗರದ ಸಾರಿಗೆ ಸಮಿತಿ ಇಪ್ಪತ್ತು ಸಾವಿರ ಜೋಡಿಗೆ ಒಪ್ಪಿಗೆ ಕೊಡುವುದಿತ್ತು. ಮೂರನೇ ವಾರಕ್ಕೆ ಮೂವತ್ತೊಂಬತ್ತು ಜನ ನೋವು ಹೋಯಿತೆಂದು ಬರೆದುಕೊಟ್ಟರು. ನಲವತ್ತನೆಯವರು ದಾನೇಶ್ವರಿ. ರಾಯಾಪುರದ ನೀರಿನ ಪಂಪುಮನೆಯಲ್ಲಿ ಮೇಲ್ವಿಚಾರಕಿ, ವಯಸ್ಸು ಐವತ್ತೊಂದು. ಅವರು ಬರೆದುಕೊಡಲಿಲ್ಲ, ಇಂಪನಾ ಅವರ ಪ್ರಯೋಗಾಲಯಕ್ಕೇ ಬಂದು ಕೂತರು.

“ಅಂಗಾಲ ಉರಿ ಹೋಗೇತ್ರೀ ಮೇಡಂ, ಸುಳ್ಳು ಹೇಳಂಗಿಲ್ಲ. ಆದ್ರ ಮೊಣಕಾಲು ಹಿಡಕೊಂಡೈತಿ. ನಿನ್ನಿ ಸೈಕಲ್ ತಳ್ಳಕೋತ ಮನೀಗೆ ಹೋದೆ.”

ಇಂಪನಾ ದಾನೇಶ್ವರಿಯವರ ಕಾಲಿನ ದಾಖಲೆ ತೆರೆದರು. ಪರದೆಯ ಮೇಲೆ ಅಂಗಾಲಿನ ನಕ್ಷೆ ಮೂಡಿತು. ಒತ್ತಡ ಹೆಚ್ಚಿದ ಕಡೆ ಕೆಂಪು, ಇಲ್ಲದ ಕಡೆ ನೀಲಿ. ಬಲಗಾಲಿನ ಹೆಬ್ಬೆರಳಿನ ಜಾಗ ಪೂರಾ ನೀಲಿಯಾಗಿತ್ತು. ಭಾರವೆಲ್ಲ ಕಾಲಿನ ಹೊರ ಅಂಚಿಗೆ ಸರಿದಿತ್ತು. ಪೆಡಲ್ ತನಗೆ ಕಲಿಸಿದ ಆದರ್ಶ ಪಾದದ ಪ್ರಕಾರ ಆ ಕಾಲನ್ನು ದಿನಕ್ಕೆ ನೂರಾರು ಸಲ ಒಳಕ್ಕೆ ತಿರುಗಿಸುತ್ತಿತ್ತು. ಪಾದ ಒಪ್ಪಿಕೊಂಡಿತ್ತು, ಮೊಣಕಾಲು ಒಪ್ಪಿರಲಿಲ್ಲ.

ಬೂಟು ಬಿಚ್ಚಿಸಿ ನೋಡಿದಾಗ ಎರಡೂ ಹೆಬ್ಬೆರಳು ಮಡಿಚಿಕೊಂಡು ಪಕ್ಕದ ಬೆರಳಿನ ಕೆಳಗೆ ಹೊಕ್ಕಿದ್ದವು. ಬಲಗಾಲಿನದು ಹೆಚ್ಚು. ಗಾಯವಾಗಿತ್ತೇ ಎಂದು ಇಂಪನಾ ಕೇಳಿದರು. ದಾನೇಶ್ವರಿ ತುಸು ನಾಚಿಕೊಂಡು ಪಾದವನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡರು. ಇದು ತಂಗಿಯ ಬೂಟು ಮಾಡಿದ್ದು ಎಂದರು.

ಆಮೇಲೆ ಅವರು ಹೇಳಿದ್ದು ಹೀಗೆ. ಅವರ ಊರು ನವಲಗುಂದದ ಕಡೆಯ ಎರೆಹೊಲದ ಬಯಲು. ಹೈಸ್ಕೂಲು ಇದ್ದದ್ದು ಐದು ಕಿಲೋಮೀಟರ್ ಆಚೆ. ಅಪ್ಪನ ಹಳೆಯ ಸೈಕಲ್ಲಿನಲ್ಲಿ ಅಕ್ಕತಂಗಿಯರಿಬ್ಬರೂ ಹೋಗುತ್ತಿದ್ದರು. ಅದರ ಪೆಡಲಿನ ರಬ್ಬರು ಎಂದೋ ಕಿತ್ತುಹೋಗಿ, ನಡುವಿನ ಕಬ್ಬಿಣದ ಸರಳು ಮಾತ್ರ ಉಳಿದಿತ್ತು. ಬರಿಗಾಲಲ್ಲಿ ತುಳಿದರೆ ಅಂಗಾಲು ಕೊಯ್ಯುತ್ತಿತ್ತು. ಮನೆಯಲ್ಲಿದ್ದದ್ದು ಒಂದೇ ಜೋಡಿ ಬೂಟು, ಅದೂ ತಂಗಿ ಅಂಬಿಕಾಳ ಅಳತೆಯದು. ಹೀಗಾಗಿ ಪೆಡಲ್ ತುಳಿಯುವವರು ಬೂಟು ಹಾಕಬೇಕು, ಕ್ಯಾರಿಯರ್ ಮೇಲೆ ಕೂತವರು ಬರಿಗಾಲು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. ಅರ್ಧ ದಾರಿಯ ಸಿಡಿಗಲ್ಲಿನ ಹತ್ತಿರ ಅದಲುಬದಲು.

ಆದರೆ ಆ ಬಯಲಿನ ಗಾಳಿ ಎದುರಿನಿಂದಲೇ ಬೀಸುತ್ತಿತ್ತು. ಅಂಬಿಕಾಳಿಗೆ ಆಗಾಗ ಉಸಿರು ಸಿಗುತ್ತಿರಲಿಲ್ಲ. ಮೊದಲ ತಿಂಗಳು ಅವಳು ಹಟ ಹಿಡಿದು ತುಳಿದಳು. ಒಂದು ದಿನ ಸಿಡಿಗಲ್ಲು ಬಂದಾಗ ಅಕ್ಕ ಸೈಕಲ್ ನಿಲ್ಲಿಸಲೇ ಇಲ್ಲ. ಮರುದಿನವೂ ನಿಲ್ಲಿಸಲಿಲ್ಲ. ಹಿಂದಿನಿಂದ ತಂಗಿ ಬೆನ್ನಿಗೆ ಗುದ್ದಿದಳು, ಅತ್ತಳು. ಕೊನೆಗೆ ಬೆನ್ನಿಗೆ ಕೆನ್ನೆಯಾನಿಸಿ, ಇತಿಹಾಸದ ಪಾಠವನ್ನು ಗಟ್ಟಿಯಾಗಿ ಓದತೊಡಗಿದಳು. ಆಮೇಲೆ ಮೂರು ವರ್ಷ ಅದೇ ರೂಢಿಯಾಯಿತು. ತಂಗಿ ಓದುವುದು, ಅಕ್ಕ ತುಳಿಯುತ್ತಲೇ ಕೇಳುವುದು. ಅಕ್ಕನ ಕಾಲು ಬೆಳೆಯುತ್ತಿತ್ತು, ಬೂಟು ಬೆಳೆಯಲಿಲ್ಲ.

“ಆ ಮೂರು ವರ್ಷ ನನ್ನ ಜೀವನದಾಗ ಭಾಳ ಛಲೋ ಇದ್ವುರೀ,” ಎಂದರು ದಾನೇಶ್ವರಿ. “ಈಗ ಅಕಿ ಇಲ್ಲ. ಆದ್ರೂ ಸೈಕಲ್ ಹತ್ತಿದ್ರ ಹಿಂದ ಕುಂತು ಓದಿದಂಗ ಅಕ್ಕೈತಿ.”

ಯಾರಿಗೂ ಕಾಲುನೋವು ಹೇಳಲಿಲ್ಲವೇ ಎಂದು ಇಂಪನಾ ಕೇಳಿದರು. ದಾನೇಶ್ವರಿ ಆ ಪ್ರಶ್ನೆಯೇ ವಿಚಿತ್ರವೆನ್ನುವಂತೆ ನೋಡಿದರು.

“ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಾಲು ಇರೂದ ನೋಯಾಕ ಅಂತ ತಿಳಕೊಂಡಿದ್ವಿ.”

ಅಂದು ಸಂಜೆ ಇಂಪನಾ ಉಳಿದ ಮೂವತ್ತೊಂಬತ್ತು ನಕ್ಷೆಗಳನ್ನೂ ಮತ್ತೆ ತೆರೆದರು. ತಾನು ಅಲ್ಲಿಯವರೆಗೆ ಅಂಗಾಲಿನಲ್ಲಿ ನೋವಿದೆಯೇ ಇಲ್ಲವೇ ಎಂದಷ್ಟೇ ಕೇಳಿದ್ದೆ ಎಂಬುದು ಅವರಿಗೆ ಹೊಳೆಯಿತು. ಅನುಮಾನ ಬಂದವರನ್ನು ಕರೆಸಿ ನೋಡಿದಾಗ ಇನ್ನೂ ಆರು ಜನರ ಮೊಣಕಾಲಿನಲ್ಲಿ ಸಣ್ಣಗೆ ಊತ ಶುರುವಾಗಿತ್ತು. ಅವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದರು.

ಸಮಿತಿಯ ಸಭೆಗೆ ನಾಲ್ಕೇ ದಿನ ಉಳಿದಿತ್ತು. ನಲವತ್ತರಲ್ಲಿ ಮೂವತ್ಮೂರು ಗೆಲುವು ಸಣ್ಣದಲ್ಲ ಎಂದು ಸಹೋದ್ಯೋಗಿಗಳು ಹೇಳಿದರು. ಇಂಪನಾ ಒಪ್ಪಲಿಲ್ಲ. ಸಭೆಯಲ್ಲಿ ಎದ್ದು ನಿಂತು, ತನ್ನ ಯಂತ್ರ ಪಾದವನ್ನು ಓದುತ್ತದೆ, ಆದರೆ ಆ ಪಾದ ಬಂದ ದಾರಿಯನ್ನು ಓದುವುದಿಲ್ಲ, ಇನ್ನೆಂಟು ತಿಂಗಳು ಬೇಕು ಎಂದರು. ಅಧ್ಯಕ್ಷರು ಬೇಸರದಿಂದ ಕಡತ ಮುಚ್ಚಿದರು. ಆ ವರ್ಷದ ಯೋಜನೆಯಿಂದ ಪೆಡಲಿನ ಹೆಸರು ಬಿಟ್ಟುಹೋಯಿತು. ಇಂಪನಾ ತಂಡದ ಇಬ್ಬರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು.

ಹೊಸ ಪೆಡಲು ನೋಡಲು ಮೊದಲಿನಷ್ಟು ಚುರುಕಾಗಿರಲಿಲ್ಲ. ಅದು ಇನ್ನಷ್ಟು ಅಗಲವಾಗಿತ್ತು. ಕಾಲನ್ನು ತಿರುಗಿಸುವ ಬದಲು, ಕಾಲು ಹೇಗೆ ಬಂದು ಕೂರುತ್ತದೋ ಹಾಗೇ ಅದಕ್ಕೆ ಆಸರೆಯಾಗುತ್ತಿತ್ತು. ಬೂಟಿನ ಮೂತಿ ಬೆರಳು ಹರಡುವಷ್ಟು ಅಗಲ, ಅಟ್ಟೆ ಗಟ್ಟಿ, ಲಾಡಿ ಪಾದದ ಊತಕ್ಕೆ ತಕ್ಕಂತೆ ಸಡಿಲ. ಕೊಡುವ ಮೊದಲು ಪ್ರತಿಯೊಬ್ಬರನ್ನೂ ಕೂರಿಸಿ ಎರಡು ಪ್ರಶ್ನೆ ಕೇಳುವ ಪದ್ಧತಿಯನ್ನು ಇಂಪನಾ ತಂದರು: ನೀವು ಮೊದಲು ತುಳಿದ ಸೈಕಲ್ ಯಾರದು? ಆಗ ಕಾಲಿಗೆ ಏನು ಹಾಕಿದ್ದಿರಿ?

ಜನ ಆ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಗಂಟೆಗಟ್ಟಲೆ ಕೂತುಬಿಡುತ್ತಿದ್ದರು. ಒಬ್ಬರು ಮಾವನ ಸೈಕಲ್ಲಿನ ಘಂಟೆಯ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ಸವೆದ ಹವಾಯಿ ಚಪ್ಪಲಿ ಪೆಡಲಿಗೆ ಸಿಕ್ಕಿ ಬಿದ್ದದ್ದನ್ನು ಇನ್ನೊಬ್ಬರು ನಗುತ್ತ ಹೇಳಿದರು. ನೋವಿನ ಬಗ್ಗೆ ಕೇಳಿದರೆ ಮಾತ್ರ ಎಲ್ಲರೂ ಸ್ವಲ್ಪ ಯೋಚಿಸಬೇಕಾಗುತ್ತಿತ್ತು. ನೆನಪಿನಲ್ಲಿ ಸೈಕಲ್ಲು ಉಳಿದಿತ್ತು, ಗಾಳಿ ಉಳಿದಿತ್ತು, ನೋವು ಉಳಿದಿರಲಿಲ್ಲ. ಅದು ಉಳಿದದ್ದು ಮೂಳೆಯಲ್ಲಿ.

ಎಂಟು ತಿಂಗಳ ಮೇಲೆ ದಾನೇಶ್ವರಿ ಹೊಸ ಪೆಡಲಿನಲ್ಲಿ ರಾಯಾಪುರಕ್ಕೆ ಹೋಗಿ ಬಂದರು. ಕಾಲು ಹೇಗಿದೆ ಎಂದಾಗ, ಇವತ್ತು ಅದರ ನೆನಪೇ ಆಗಲಿಲ್ಲ ಎಂದರು. ಹೆಬ್ಬೆರಳು ನೇರವಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಅದನ್ನು ಇಂಪನಾ ಮುಚ್ಚಿಡದೆ ಹೇಳಿದರು. ದಾನೇಶ್ವರಿ ತಲೆಯಾಡಿಸಿ, ಇರಲಿ ಬಿಡ್ರಿ, ಅದಕ್ಕೂ ರೂಢಿಯಾಗಿದೆ ಎಂದು ಸೈಕಲ್ ಹತ್ತಿದರು.

ಮುಂದಿನ ವರ್ಷ ಸಮಿತಿ ಪೆಡಲನ್ನು ಒಪ್ಪಿಕೊಂಡಿತು. ಆ ಸಭೆಯಲ್ಲಿ ಸದಸ್ಯರೊಬ್ಬರು, ಇಷ್ಟೊಂದು ಪಾದಗಳು ಕೆಟ್ಟದ್ದು ಯಾವಾಗ, ಆಗ ಯಾವ ಯಂತ್ರವಿದ್ದಿದ್ದರೆ ತಪ್ಪಿಸಬಹುದಿತ್ತು ಎಂದು ಕೇಳಿದರು. ಪಾದದ ಮೂಳೆ ಗಟ್ಟಿಯಾಗುವುದು ಹದಿಮೂರರಿಂದ ಹದಿನಾರನೇ ವಯಸ್ಸಿನೊಳಗೆ ಎಂದು ಇಂಪನಾ ವಿವರಿಸಿದರು. ತಾನು ಪರೀಕ್ಷಿಸಿದವರಲ್ಲಿ ಹೆಚ್ಚಿನವರಿಗೆ ಆ ವಯಸ್ಸು ಬಂದದ್ದು 2026ರ ಆಸುಪಾಸಿನಲ್ಲಿ ಎಂದರು.

“ಆಗ ಯಂತ್ರ ಏನೂ ಬೇಕಾಗಿರಲಿಲ್ಲ,” ಎಂದರು ಅವರು. “ಹುಡುಗೀರು ಬೆಳಿಗ್ಗೆ ಸೈಕಲ್ ಹತ್ತೋ ಹೊತ್ತಿಗೆ ಯಾರರೆ ಒಬ್ಬರು ಬಗ್ಗಿ, ಕಾಲು ನೋಯ್ತದೇನವಾ ಅಂತ ಕೇಳಿದ್ರ ಸಾಕಿತ್ತು.”